ಕೇಳೋಕೆ ಭಯ ಆಯ್ತು ಸರ್

ಸುದ್ದಿ ವೆಬ್‌ಸೈಟ್‌ಗಳಲ್ಲಿ, ಜಾಹೀರಾತು ಕಂಪನಿಗಳಲ್ಲಿ ಬರೆಯುವ ಕೆಲಸ ಮಾಡುವವರು ಈಚೆಗೆ ನನ್ನ ಬಳಿ ಆಪ್ತಸಮಾಲೋಚನೆಗೆ ಜಾಸ್ತಿ ಬರುತ್ತಿದ್ದಾರೆ. ಹೆಚ್ಚಿನವರು ತಿದ್ದಿಸಿಕೊಂಡವರು. ಬರೆದ ಸಾಲಿಗೆ ಆಫೀಸಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಕೆಂಪು ಸುತ್ತು ಬಿದ್ದ ಮೇಲೆ, ಕೀಬೋರ್ಡ್ ಮುಂದೆ ಕೂತರೆ ಕೈಯೇ ಓಡದವರು. ತಿದ್ದುವವರು ಬರುವುದು ಅಪರೂಪ. ಹಾಗೆ ಬಂದ ಒಬ್ಬರ ವಿಷಯ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು ಐವತ್ತರ ಹತ್ತಿರ. ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ದುಡಿದು, ಈಗ ಒಂದು ವೆಬ್‌ಸೈಟ್‌ನಲ್ಲಿ ಕಾಪಿ, ಅಂದರೆ ವರದಿಗಾರರು ಕಳಿಸಿದ ಬರಹ, ನೋಡಿ ತಿದ್ದುತ್ತಾರೆ. ಬಂದಿದ್ದು ನಿದ್ದೆ ಇಲ್ಲ ಅಂತ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಫೋನ್ ತೆಗೆದು, ಹಗಲು ಹಾಕಿದ ಸುದ್ದಿಗಳನ್ನೆಲ್ಲ ಮತ್ತೆ ಓದುತ್ತಾರೆ. ತಪ್ಪು ಸಿಕ್ಕರೆ ಅಲ್ಲೇ ಲಾಗಿನ್ ಆಗಿ ತಿದ್ದುತ್ತಾರೆ. ಬೆಳಗಾಗುತ್ತದೆ.

ಮೊದಲ ಭೇಟಿಯಲ್ಲಿ ನಿದ್ದೆಗಿಂತ ಕನ್ನಡದ ಬಗ್ಗೆಯೇ ಜಾಸ್ತಿ ಮಾತಾಡಿದರು. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು (ಜೀವಿ) ‘ಪ್ರಜಾವಾಣಿ’ಯಲ್ಲಿ 1991ರಿಂದ ಬರೆಯುತ್ತಿದ್ದ ‘ಇಗೋ ಕನ್ನಡ’ ಅಂಕಣವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರಂತೆ. “ಮದ್ಯ ಅಂದ್ರೆ ಹೆಂಡ, ಮಧ್ಯ ಅಂದ್ರೆ ನಡು. ‘ಮಧ್ಯಪಾನ ನಿಷೇಧ’ ಅಂತ ಹೆಡ್ಡಿಂಗ್ ಕೊಡ್ತಾರೆ. ನಾನು ಸುಮ್ನೆ ಇರ್ಬೇಕಾ ಮೇಡಂ?” ಅಂದರು. ಇರಬೇಡಿ ಅಂದೆ. ಅದರಲ್ಲಿ ಅವರ ಮಾತೇ ಸರಿ.

ನಾಲ್ಕನೇ ಭೇಟಿಯಲ್ಲಿ ಫೋನ್ ತೆಗೆದು ಒಂದು ಸ್ಕ್ರೀನ್‌ಶಾಟ್ ತೋರಿಸಿದರು. ಒಬ್ಬ ಹೊಸ ಹುಡುಗ ಕಳಿಸಿದ ಅಪಘಾತದ ಸುದ್ದಿ. ಏಳು ಕೆಂಪು ಸುತ್ತು. ‘ಗಂಬೀರ’, ‘ಧಾಖಲು’, ‘ಹಪಘಾತ’. ಹಪಘಾತದ ಪಕ್ಕದಲ್ಲಿ ‘ಈ ಹ ಯಾವ ಊರಿನದು?’ ಅಂತ ಬರೆದು ಗ್ರೂಪಿಗೆ ಹಾಕಿದ್ದರು. ಕೆಳಗೆ ನಗುವ ಎಮೋಜಿಗಳು.

“ಸುದ್ದಿ ಏನಿತ್ತು ಸರ್?” ಅಂತ ಕೇಳಿದೆ.

“ಬೈಕ್ ಆಕ್ಸಿಡೆಂಟ್.”

“ಯಾರಿಗೆ ಏನಾಯ್ತು?”

ಸುಮಾರು ಹೊತ್ತು ಮಾತಾಡಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ಆಮೇಲೆ ಒಂದೊಂದೇ ಮಾತು ಬಂತು. ಅಣ್ಣ ತಮ್ಮ ಇಬ್ಬರೂ ಒಂದೇ ಬೈಕಿನಲ್ಲಿದ್ದರು. ತೀರಿಕೊಂಡದ್ದು ತಮ್ಮ. ಕಾಪಿಯಲ್ಲಿ ಹೆಸರು ಅದಲುಬದಲಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ಅಣ್ಣ ಸತ್ತ ಅಂತ ಸುದ್ದಿ ಹೋಯಿತು. 20 ನಿಮಿಷ ಹಾಗೇ ಇತ್ತು. ಆ ಹೊತ್ತಿಗೆ ಊರಿನವರ ಫೋನುಗಳಿಗೆಲ್ಲ ತಲುಪಿತ್ತು, ಅಣ್ಣನ ಹೆಂಡತಿಯ ಫೋನಿಗೂ.

“ಏಳು ತಪ್ಪು ಹಿಡಿದೆ ಮೇಡಂ. ಅದೊಂದನ್ನ ಹಿಡೀಲಿಲ್ಲ. ನಾನು ಸುದ್ದಿ ಓದಲೇ ಇಲ್ಲ, ಕಾಪಿ ನೋಡಿದೆ.”

ಹುಡುಗನನ್ನು ಬೈಯಲು ಕರೆದಾಗ ಅವನು ಹೇಳಿದ್ದು ಇಷ್ಟಂತೆ: “ಹೆಸರಿನ ಬಗ್ಗೆ ನಂಗೆ ಡೌಟ್ ಇತ್ತು ಸರ್. ಕೇಳೋಕೆ ಭಯ ಆಯ್ತು.”

ಇವರ ನಿದ್ದೆ ಹೋಗಿದ್ದು ಆ ಮಾತಿಗೆ. ಮೂರು ಭೇಟಿ ನಾನು ಅದನ್ನು ಬರೀ ಕೆಲಸದ ಒತ್ತಡ ಅಂದುಕೊಂಡಿದ್ದೆ. ರಾತ್ರಿ ಎದ್ದು ಅಕ್ಷರ ತಿದ್ದುತ್ತಿದ್ದ ಮನುಷ್ಯ ಆ ಒಂದು ಹೆಸರನ್ನು ಹುಡುಕುತ್ತಿದ್ದರು.

ನಾನು ಕೊಟ್ಟ ಸಲಹೆ ಮೇಲ್ನೋಟಕ್ಕೆ ಡೆಸ್ಕಿನ ವಿಷಯದಂತೆ ಕಾಣುತ್ತದೆ. ಕಾಪಿ ಬಂದರೆ ಮೊದಲ ಸಲ ಕೀಬೋರ್ಡ್ ಮುಟ್ಟದೆ ಓದಿ. ಯಾರು, ಯಾವ ಊರು, ಯಾರು ಹೇಳಿದ್ದು, ಇಷ್ಟನ್ನು ಒಂದು ಚೀಟಿಯಲ್ಲಿ ಕೈಯಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಕಳಿಸಿದವರಿಗೆ ಫೋನ್ ಮಾಡಿ. ಅಕ್ಷರಕ್ಕೆ ಕೈ ಹಾಕುವುದು ಅದಾದ ಮೇಲೆ. ಗ್ರೂಪಿಗೆ ಸ್ಕ್ರೀನ್‌ಶಾಟ್ ಬೇಡವೇ ಬೇಡ. ತಪ್ಪನ್ನು ಆ ಹುಡುಗನಿಗೊಬ್ಬನಿಗೇ, ಯಾಕೆ ತಪ್ಪು ಅಂತ ಸೇರಿಸಿ ಹೇಳಿ. ರಾತ್ರಿ ಹತ್ತರ ಮೇಲೆ ಲಾಗಿನ್ ಇಲ್ಲ. ಎಚ್ಚರವಾದರೆ ಎದ್ದು ಕೂತು ನೀರು ಕುಡಿಯಿರಿ, ಫೋನ್ ಹಾಲ್‌ನಲ್ಲೇ ಇರಲಿ. ಆರು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರಿಗೆ ತೋರಿಸೋಣ ಅಂತಲೂ ಹೇಳಿದ್ದೆ.

“ನೀವು ಆತಂಕ ನೋಡಿ, ಅವರ ಕನ್ನಡ ನಿಮಗ್ಯಾಕೆ?” ಅಂತ ನನ್ನ ಜೊತೆಯವರೊಬ್ಬರು ಕೇಳಿದರು. ಎರಡನ್ನೂ ಬಿಡಿಸಲು ನನಗೆ ಆಗುವುದಿಲ್ಲ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹುಷಾರು ಉಷಾರಾಗುತ್ತದೆ. ಅಂಥ ಮನೆಯ ಮಗು ಶಾಲೆಯಲ್ಲಿ ನಗೆಪಾಟಲಾಗುತ್ತದೆ. ಆಮೇಲೆ ಬರೆಯುವಾಗ ಎಲ್ಲಿ ಬಿಟ್ಟುಹೋಯಿತೋ ಅಂತ ಹೆದರಿ ಬೇಡದ ಕಡೆಯೂ ಹ ಹಾಕುತ್ತದೆ. ‘ಹಪಘಾತ’ ಹುಟ್ಟುವುದು ಹಾಗೆ. ಅದು ಉಡಾಫೆ ಅಲ್ಲ, ಸರಿ ಬರೆಯಬೇಕು ಅನ್ನುವ ಅತಿಯಾದ ಆಸೆ. ‘ಯಾವ ಊರಿನದು’ ಅಂತ ಕೇಳಿದರೆ ಅವನ ಅವ್ವನ ಮಾತನ್ನೇ ಆಡಿಕೊಂಡ ಹಾಗೆ ಅಲ್ವಾ? ಇಷ್ಟಕ್ಕೂ ಹಾಲು, ಹೂವು, ಹುಲಿ ಹಳಗನ್ನಡದಲ್ಲಿ ಪಾಲ್, ಪೂ, ಪುಲಿ ಆಗಿದ್ದವು. ಆ ಪಕಾರವೇ ಹಕಾರವಾಯಿತು. ಇದನ್ನು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ, ಗೊತ್ತಿತ್ತು. “ಗೊತ್ತಿದ್ದೂ ಕೇಳಿದೆ” ಅಂದರು.

‘ಇಗೋ ಕನ್ನಡ’ವನ್ನು ನಾನೇ ಮತ್ತೆ ಎತ್ತಿದೆ. “ಜೀವಿ ಅವರಿಗೆ ಓದುಗರು ಪ್ರಶ್ನೆ ಕಳಿಸ್ತಿದ್ರು, ಅಲ್ವಾ ಸರ್? ಗೊತ್ತಿಲ್ಲ ಅಂತ ಒಪ್ಪಿಕೊಂಡು ಪತ್ರ ಬರೆಯೋಕೆ ಜನಕ್ಕೆ ಭಯ ಇರಲಿಲ್ಲ.” ಅವರು ತಲೆ ಆಡಿಸಿದರು.

ತಪ್ಪು ಬರೆದರೂ ನಡೆಯುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಓದುವವರ ಫೋನಿಗೆ ಹೋಗುವ ಸಾಲು ಶುದ್ಧವಾಗಿರಬೇಕು. ಆದರೆ ಅಕ್ಷರಕ್ಕೆ ಹೆದರಿದ ಹುಡುಗ ಅಕ್ಷರವನ್ನಷ್ಟೇ ಬಚ್ಚಿಡುವುದಿಲ್ಲ, ಅನುಮಾನವನ್ನೂ ಬಚ್ಚಿಡುತ್ತಾನೆ. ಡೆಸ್ಕಿಗೆ ಬೇಕಾದದ್ದು ಆ ಅನುಮಾನವೇ.

ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಇವರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಮೂರನೇ ಸಲ ಎತ್ತಿ, ‘ಪರವಾಗಿಲ್ಲ ಸರ್’ ಅಂದು ಇಟ್ಟನಂತೆ.

ಕೊನೆಯ ಭೇಟಿಗೆ ಬಂದಾಗ ನಿದ್ದೆ ಐದು ಗಂಟೆಗೆ ಏರಿತ್ತು. ಹಿಂದಿನ ವಾರದ ಒಂದು ಸಂಗತಿ ಹೇಳಿದರು. ತಾಲ್ಲೂಕಿನ ವರದಿಗಾರ್ತಿಯೊಬ್ಬಳು ಫೋನ್ ಮಾಡಿ, ಗಾಯಾಳುವಿನ ಇನಿಶಿಯಲ್ ‘ಎಂ’ ಅಥವಾ ‘ಎನ್’ ಅಂತ ಖಾತ್ರಿ ಇಲ್ಲ ಸರ್ ಅಂದಳು. ಇವರೇ ಠಾಣೆಗೆ ಫೋನ್ ಮಾಡಿ ಕೇಳಿದರು. ‘ಎನ್’. ಅವಳಿಗೆ ವಾಪಸ್ ತಿಳಿಸಿದರು.

“ಆ ಕಾಪಿಯಲ್ಲೂ ‘ಗಂಬೀರ’ ಅಂತಲೇ ಇತ್ತು ಮೇಡಂ. ಅದನ್ನ ಕೊನೆಗೆ ತಿದ್ದಿದೆ.”