ಪುಲಿಟ್ಜರ್ ಗೆದ್ದ ಲೂಯಿ ಬ್ರಾಮ್‌ಫೀಲ್ಡ್ ರೈತನಾಗಿದ್ದು ಯಾಕೆ?
ಸವೆದುಹೋದ ಮಣ್ಣನ್ನು ಮತ್ತೆ ಬದುಕಿಸಬಹುದು ಎಂದು ತೋರಿಸುವ ಹಟ ಅವರಿಗಿತ್ತು. 1927ರಲ್ಲಿ ಪುಲಿಟ್ಜರ್ ಗೆದ್ದ ಈ ಅಮೆರಿಕನ್ ಕಾದಂಬರಿಕಾರ ವರ್ಷಗಟ್ಟಲೆ ಫ್ರಾನ್ಸಿನಲ್ಲಿದ್ದರು. ಯುದ್ಧ ಹತ್ತಿರವಾದಾಗ ಹುಟ್ಟೂರಿದ್ದ ಒಹಾಯೋಗೆ ಮರಳಿ, 1939ರಲ್ಲಿ ಬಡಕಲಾದ ಹೊಲಗಳನ್ನು ಕೊಂಡರು. ಅದೇ ಮಲಬಾರ್ ಫಾರ್ಮ್. ಅದಕ್ಕೆ ದುಡ್ಡು ಬಂದಿದ್ದು ಭಾರತದಲ್ಲಿ ನಡೆಯುವ ಅವರ ಕಾದಂಬರಿಯಿಂದ, ಹಾಗಾಗಿ ಹೆಸರೂ ನಮ್ಮ ಕಡೆಯದೇ!

ಗುಡ್ಡದ ಹೊಲವನ್ನು ಮೇಲಿಂದ ಕೆಳಕ್ಕೆ ಉತ್ತರೆ ಮಳೆನೀರು ಸಾಲುಗುಂಟ ಓಡಿ ಮೇಲ್ಮಣ್ಣನ್ನು ಒಯ್ಯುತ್ತದೆ. ಅವರು ಇಳಿಜಾರಿಗೆ ಅಡ್ಡವಾಗಿ ಉಳುಮೆ ಮಾಡಿಸಿದರು. ಆಗ ಪ್ರತಿ ಸಾಲೂ ಒಂದು ಪುಟ್ಟ ಬದು, ನೀರು ನಿಂತು ಇಂಗುತ್ತದೆ. ಹುಲ್ಲಿನ ಬೇರು ಮಣ್ಣು ಹಿಡಿಯಿತು, ದ್ವಿದಳ ಬೆಳೆಗಳು ಸಾರಜನಕ ಸೇರಿಸಿದವು. ಬರೆದು ಗಳಿಸಿದ್ದನ್ನು ಜಾಸ್ತಿ ಹೊಲವೇ ನುಂಗಿತು ಅನ್ನಿ. 1956ರಲ್ಲಿ ತೀರಿಕೊಂಡರು. ಈಗ ಆ ಜಾಗ ಒಹಾಯೋದ ಸರ್ಕಾರಿ ಉದ್ಯಾನ.