‘ಹಾಯಿ ಸೋತ ದಿನ’ ಕಳಿಸಿದವರಿಗೆ

ನಮಸ್ಕಾರ. ಉಗಿಹಡಗಿನ ಮುಂದೆ ಹಾಯಿಹಡಗು ಸೋತ ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಸಾಡುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆಯಿರಿ. ಜೇಮ್ಸ್ ವಾಟ್, ಕುದಿಯುವ ಕೆಟಲ್ಲು, ಕೈಗಾರಿಕಾ ಕ್ರಾಂತಿ ಎಲ್ಲ ಹೈಸ್ಕೂಲಿನಲ್ಲೇ ಓದಿದ್ದಾಗಿದೆ. ಹಡಗಿನ ಲೇಖನದಲ್ಲಿ ಹಡಗು ಕಾಣಲು ಮೂರನೇ ಪುಟದವರೆಗೆ ಕಾಯಬೇಕೇ? ‘ಧೂಮನೌಕೆ’ಯನ್ನೂ ಬಿಡಿ. ಉಗಿಹಡಗು ಅಂದರೆ ಎಲ್ಲರಿಗೂ ತಿಳಿಯುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ‘ಉಗಿಯಂತ್ರ ಬಂತು, ಹಾಯಿಹಡಗು ಮೂಲೆ ಸೇರಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹಾಗಾಗಲಿಲ್ಲವಲ್ಲ! 1838ರಲ್ಲೇ ‘ಗ್ರೇಟ್ ವೆಸ್ಟರ್ನ್’ ಹಡಗು ಉಗಿಯ ಬಲದಲ್ಲಿ ಅಟ್ಲಾಂಟಿಕ್ ದಾಟಿತ್ತು. ಆಮೇಲೂ ಸುಮಾರು ಮೂವತ್ತು ವರ್ಷ ಚೀನಾದ ಚಹಾ ಲಂಡನ್ನಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಹಾಯಿಹಡಗಿನಲ್ಲೇ. ದೂರ ಹೋದಷ್ಟೂ ಕಲ್ಲಿದ್ದಲು ಜಾಸ್ತಿ ಬೇಕು. ಅದನ್ನೇ ತುಂಬಿಕೊಂಡರೆ ಸರಕಿಗೆ ಜಾಗ ಎಲ್ಲಿ? ಗಾಳಿಗಾದರೆ ದುಡ್ಡೂ ಕೊಡಬೇಕಿಲ್ಲ, ಜಾಗವೂ ಬೇಕಿಲ್ಲ. ಲೇಖನದ ಜೀವ ಈ ಲೆಕ್ಕದಲ್ಲಿದೆ. ನೀವು ಅದನ್ನು ಮುಟ್ಟಿಯೇ ಇಲ್ಲ.

ಲೆಕ್ಕ ತಿರುಗಿದ್ದು 1866ರಲ್ಲಿ. ಲಿವರ್‌ಪೂಲಿನ ಆಲ್ಫ್ರೆಡ್ ಹೋಲ್ಟ್ ತನ್ನ ‘ಅಗಮೆಮ್ನನ್’ ಹಡಗನ್ನು ಚೀನಾಕ್ಕೆ ಕಳಿಸಿದ. ಅದರ ಎಂಜಿನ್ನಿನಲ್ಲಿ ಅದೇ ಉಗಿ ಎರಡು ಸಲ ದುಡಿಯುತ್ತಿತ್ತು. ಮೊದಲು ಸಣ್ಣ ಸಿಲಿಂಡರಿನಲ್ಲಿ, ಅಲ್ಲಿಂದ ಹೊರಬಿದ್ದ ಮೇಲೆ ದೊಡ್ಡದರಲ್ಲಿ. ದಿನಕ್ಕೆ ಸುಮಾರು 20 ಟನ್ ಕಲ್ಲಿದ್ದಲು ಸಾಕಾಯಿತು. ಲಿವರ್‌ಪೂಲ್ ಬಿಟ್ಟರೆ ಆಫ್ರಿಕಾ ಬಳಸಿಕೊಂಡು ಮಾರಿಷಸ್ ಮುಟ್ಟುವ ತನಕ ಕಲ್ಲಿದ್ದಲಿಗಾಗಿ ಎಲ್ಲೂ ನಿಲ್ಲಬೇಕಿರಲಿಲ್ಲ. ಇದಕ್ಕೆ ಒಂದು ಪುಟ ಪೂರ್ತಿ ಕೊಡಿ.

ಸೂಯೆಜ್ ಕಾಲುವೆಯ ಬಗ್ಗೆ ‘ದಾರಿ ಹತ್ತಿರವಾಯಿತು’ ಅಂದಿದ್ದೀರಿ. ಯಾರಿಗೆ ಹತ್ತಿರ? ಹಾಯಿಹಡಗನ್ನು ಕಾಲುವೆಯುದ್ದಕ್ಕೂ ಎಳೆಸಿಕೊಂಡು ಹೋಗಬೇಕು. ದಾಟಿದರೆ ಕೆಂಪು ಸಮುದ್ರದ ಗಾಳಿ ಕೈಕೊಡುತ್ತದೆ. ಅವುಗಳಿಗೆ ಆಫ್ರಿಕಾ ಸುತ್ತುವುದು ತಪ್ಪಲಿಲ್ಲ. ಕಾಲುವೆ ತೆರೆದದ್ದು 1869ರ ನವೆಂಬರಿನಲ್ಲಿ. ಚಹಾ ಸಾಗಿಸಲೆಂದೇ ಕಟ್ಟಿದ ‘ಕಟಿ ಸಾರ್ಕ್’ ಎಂಬ ಹಾಯಿಹಡಗು ನೀರಿಗಿಳಿದದ್ದೂ ಅದೇ ತಿಂಗಳು. ಪಾಪ, ಎಂಥಾ ಮುಹೂರ್ತ!

ಅದೇ ‘ಕಟಿ ಸಾರ್ಕ್’ 1889ರಲ್ಲಿ ಸಿಡ್ನಿಯ ದಾರಿಯಲ್ಲಿ ‘ಬ್ರಿಟಾನಿಯಾ’ ಎಂಬ ಉಗಿಹಡಗನ್ನು ಹಿಂದೆ ಹಾಕಿದ್ದನ್ನು ಚೆನ್ನಾಗಿ ಬರೆದಿದ್ದೀರಿ. ಕತ್ತಲಲ್ಲಿ ಹಿಂದಿನಿಂದ ಹತ್ತಿರವಾಗುತ್ತಾ ಬರುವ ಆ ದೀಪ! ಅಲ್ಲಿ ಒಂದಕ್ಷರ ಮುಟ್ಟಬೇಡಿ. ಆದರೆ ‘ಹಾಯಿಯೇ ಮೇಲೆಂದು ಸಾಬೀತಾಯಿತು’ ಎಂಬ ತೀರ್ಪು ಬೇಡ. ಅಷ್ಟು ಹೊತ್ತಿಗೆ ಆ ಹಡಗಿಗೆ ಚಹಾ ಕೈತಪ್ಪಿ, ಆಸ್ಟ್ರೇಲಿಯಾದ ಉಣ್ಣೆ ಹೊರುತ್ತಿತ್ತು. ಗಾಳಿ ಚೆನ್ನಾಗಿದ್ದ ಒಂದು ರಾತ್ರಿ ಗೆದ್ದಿತು, ಅಷ್ಟೇ ಅಲ್ವಾ?

ಕೊನೆಗೊಂದು ಮಾತು. ಉಗಿಹಡಗುಗಳಿಗೆ ಬೇಕಾದ ಕಲ್ಲಿದ್ದಲನ್ನು ದೂರದ ಬಂದರುಗಳಿಗೆ ಹೊತ್ತು ಹಾಕಿದ್ದು ಎಷ್ಟೋ ಸಲ ಹಾಯಿಹಡಗುಗಳೇ. ಇಂಥ ಸಂಗತಿಯನ್ನು ಅಡಿಟಿಪ್ಪಣಿಯಲ್ಲಿ ಸುಮ್ನೆ ತುರುಕಿದ್ದೀರಲ್ಲ! ಲೇಖನ ಅಲ್ಲಿಂದಲೇ ಶುರುವಾಗಲಿ. ತಿದ್ದಿ ಕಳಿಸಿ, ಕಾಯುತ್ತೇನೆ.