ಐಸ್ ಹಾಸಿದವರಿಗೂ ಹಾರ ಯಾಕೆ?

ಪ್ರಿಯ ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಕಳೆದ ಸಂಚಿಕೆಯಲ್ಲಿ ಕೆನಡಾದ ಕರ್ಲಿಂಗ್ ಹಾಲ್ ಆಫ್ ಫೇಮ್ ಬಗ್ಗೆ ನಾವು ಹಾಕಿದ ಲೇಖನ ನಿಮಗೆ ಹಿಡಿಸಲಿಲ್ಲ. ಕರ್ಲಿಂಗ್ ಅಂದರೆ ಐಸಿನ ಪಟ್ಟಿಯ ಮೇಲೆ ಭಾರದ ಕಲ್ಲನ್ನು ದೂರದ ಗುರಿಯತ್ತ ಜಾರಿಸುವ ಆಟ; ಅದರ ಸಾಧಕರ ಗೌರವಪಟ್ಟಿ ಈ ಹಾಲ್ ಆಫ್ ಫೇಮ್. ಆಟದ ಬಗ್ಗೆ ನಿಮ್ಮ ತಕರಾರಿಲ್ಲ. "ಗೆದ್ದವರಿಗೆ ಹಾರ ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಆಡದವರನ್ನೂ 'ಬಿಲ್ಡರ್' ಅಂತ ಹೆಸರಿಟ್ಟು ಅದೇ ಸಾಲಿನಲ್ಲಿ ಕೂರಿಸುವುದು ಯಾವ ನ್ಯಾಯ?" ಎಂದು ಕೇಳಿದ್ದೀರಿ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು ನೀವು. ಮಕ್ಕಳು ಗೆದ್ದು ತಂದ ಕಪ್ಪಿನ ಪಕ್ಕ ಯಾರ್ಯಾರೋ ನಿಂತು ಫೋಟೊ ತೆಗೆಸಿಕೊಂಡದ್ದನ್ನು ಕಣ್ಣಾರೆ ಕಂಡವರು. ಆ ನೋವಿನಿಂದ ಬಂದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ನನಗೆ ಮನಸ್ಸಾಗಲಿಲ್ಲ.

1973ರಲ್ಲಿ ಶುರುವಾದ ಈ ಗೌರವದ ಸಾಲಿನಲ್ಲಿ ಆಟಗಾರರಿಗೇನೂ ಕೊರತೆಯಿಲ್ಲ. ಸಸ್ಕ್ಯಾಚೆವಾನ್ ಪ್ರಾಂತ್ಯದ ರಿಚರ್ಡ್‌ಸನ್ ತಂಡ ಅಲ್ಲಿದೆ. ಇಬ್ಬರು ಅಣ್ಣತಮ್ಮಂದಿರು, ಇಬ್ಬರು ದಾಯಾದಿಗಳು, ಒಂದೇ ಮನೆತನದ ನಾಲ್ವರು ಕಟ್ಟಿದ ಈ ತಂಡ 1959ರಿಂದ 1963ರೊಳಗೆ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು; ಕೊನೆಯ ಸಲ ಮಾತ್ರ ಒಬ್ಬರ ಜಾಗದಲ್ಲಿ ಹೊರಗಿನವರೊಬ್ಬರು ಆಡಿದರು. ಸ್ಯಾಂಡ್ರಾ ಶ್ಮಿರ್ಲರ್ ಇದ್ದಾರೆ. 1998ರಲ್ಲಿ ಜಪಾನಿನ ನಗಾನೊದಲ್ಲಿ ಮಹಿಳಾ ಕರ್ಲಿಂಗ್‌ನ ಮೊದಲ ಒಲಿಂಪಿಕ್ ಚಿನ್ನ ಗೆದ್ದ ತಂಡದ ನಾಯಕಿ ಆಕೆ. ಎರಡು ವರ್ಷ ಕಳೆಯುವಷ್ಟರಲ್ಲಿ, ಬರೀ 36ನೇ ವಯಸ್ಸಿಗೆ ಕ್ಯಾನ್ಸರ್ ಆಕೆಯನ್ನು ಕೊಂಡೊಯ್ದಿತು. ಇವರ ವಿಷಯದಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯ ಇರಲಾರದು.

ಇನ್ನು ಬಿಲ್ಡರ್‌ಗಳು, ಅಂದರೆ ಆಟ ಬೆಳೆಯಲೆಂದು ಹಿಂದೆ ನಿಂತು ದುಡಿದವರು. ಐಸ್ ಹದ ಮಾಡುವವರನ್ನೇ ತೆಗೆದುಕೊಳ್ಳಿ. ಕರ್ಲಿಂಗ್ ಐಸ್ ಕನ್ನಡಿಯ ಹಾಗೆ ನುಣುಪಾಗಿರುತ್ತದೆ ಅಂತ ನಾನೂ ತಿಳಿದಿದ್ದೆ. ಹಾಗೇನಾದರೂ ಇದ್ದರೆ ಅಷ್ಟು ಭಾರದ ಕಲ್ಲು ಆಚೆ ತುದಿ ಮುಟ್ಟುವ ಮಾತೇ ಇಲ್ಲ. ಆಟಕ್ಕೆ ಮೊದಲು ಒಬ್ಬರು ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಕೈಯಲ್ಲಿ ಶವರಿನಂಥ ತೂತಿನ ಮೂತಿ ಹಿಡಿದು, ಸುಮಾರು 45 ಮೀಟರ್ ಉದ್ದದ ಆ ಪಟ್ಟಿಯ ಮೇಲೆ ಹಿಂದು ಹಿಂದಕ್ಕೆ ನಡೆಯುತ್ತಾರೆ. ತೋಳು ಎಡಕ್ಕೂ ಬಲಕ್ಕೂ ಒಂದೇ ಲಯದಲ್ಲಿ ಬೀಸಬೇಕು, ಹೆಜ್ಜೆ ಒಂದೇ ವೇಗದಲ್ಲಿ ಬೀಳಬೇಕು. ಉದುರಿದ ಬಿಸಿನೀರ ಹನಿಗಳು ಅಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಆಮೇಲೆ ಬ್ಲೇಡು ಎಳೆದು ಆ ಗುಳ್ಳೆಗಳ ತಲೆಯನ್ನಷ್ಟೇ ಸವರುತ್ತಾರೆ. ಕಲ್ಲು ಜಾರುವುದು, ಬಾಗಿ ತಿರುಗುವುದು ಎಲ್ಲ ಆ ಗುಳ್ಳೆಗಳ ಮೇಲೆಯೇ. ಎಲ್ಲೋ ಒಂದು ಕಡೆ ಕೈ ತಡವರಿಸಿತೆಂದರೆ ಜೀವಮಾನವೆಲ್ಲ ಅಭ್ಯಾಸ ಮಾಡಿದ ಆಟಗಾರನ ಕಲ್ಲೂ ಗುರಿ ತಪ್ಪುತ್ತದೆ.

ಈ ಕೆಲಸವನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದವರಲ್ಲಿ 'ಶಾರ್ಟಿ' ಜೆಂಕಿನ್ಸ್ ದೊಡ್ಡ ಹೆಸರು. ಗುಲಾಬಿ ಬಣ್ಣದ ಕೌಬಾಯ್ ಟೋಪಿ ಹಾಕಿಕೊಂಡು, ಸ್ಟಾಪ್‌ವಾಚ್ ಹಿಡಿದು, ಪ್ರತಿ ಕಲ್ಲು ಎಷ್ಟು ಸೆಕೆಂಡಿನಲ್ಲಿ ಎಲ್ಲಿಗೆ ಹೋಯಿತೆಂದು ಅಳೆದು ಐಸ್ ಹದ ಮಾಡುತ್ತಿದ್ದವರು. ಅವರೂ ಆ ಸಾಲಿನಲ್ಲಿದ್ದಾರೆ. ಇರಲೇಬೇಕಾದವರು ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಸಿಲ್ವಿಯಾ ಫೆಡೊರುಕ್ ಅವರ ಬದುಕು. 1961ರಲ್ಲಿ ಕೆನಡಾದ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ ಗೆದ್ದ ಜಾಯ್ಸ್ ಮೆಕೀ ತಂಡದ ಆಟಗಾರ್ತಿ ಅವರು. ಮುಂದೆ ಮಹಿಳಾ ಕರ್ಲಿಂಗ್ ಸಂಘದ ಅಧ್ಯಕ್ಷೆಯಾಗಿ ದುಡಿದರು. 1986ರಲ್ಲಿ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು ಬಿಲ್ಡರ್ ಎಂದೇ. ಅವರ ವೃತ್ತಿ ಬೇರೆ. ಅವರು ಭೌತವಿಜ್ಞಾನಿ. 1951ರಲ್ಲಿ ಸಸ್ಕಟೂನ್‌ನ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಜಾನ್ಸ್ ನೇತೃತ್ವದಲ್ಲಿ ಕೋಬಾಲ್ಟ್-60 ಕ್ಯಾನ್ಸರ್ ಚಿಕಿತ್ಸಾ ಯಂತ್ರವನ್ನು ಸಿದ್ಧಪಡಿಸಿದ ತಂಡದಲ್ಲಿದ್ದರು. ವಿಕಿರಣ ದೇಹದ ಎಷ್ಟು ಆಳಕ್ಕೆ ಎಷ್ಟು ತಲುಪುತ್ತದೆ ಎಂಬ ಅಳತೆಯ ಕೆಲಸದಲ್ಲಿ ಅವರ ಪಾಲೂ ಇತ್ತು. ನಮ್ಮ ಊರುಗಳಲ್ಲಿ "ಅಮ್ಮನಿಗೆ ಕರೆಂಟ್ ಕೊಡಿಸಬೇಕು" ಎಂದು ಬೆಂಗಳೂರಿನ ಬಸ್ಸು ಹತ್ತುತ್ತಿದ್ದರಲ್ಲ, ಆ ಚಿಕಿತ್ಸೆಗೆ ದಶಕಗಳ ಕಾಲ ಭಾರತದ ಆಸ್ಪತ್ರೆಗಳು ನೆಚ್ಚಿದ್ದು ಕೋಬಾಲ್ಟ್ ಯಂತ್ರಗಳನ್ನೇ. ಲೇಖನದಲ್ಲಿ ಈ ಮಾತು ಬರಬೇಕಿತ್ತು. ಜಾಗ ಸಾಲದೆ ನಾನೇ ಕತ್ತರಿಸಿದ್ದೆ, ಈಗ ತಪ್ಪೆನಿಸುತ್ತಿದೆ. ಇಂಥ ಕೆಲಸದ ನಡುವೆಯೂ ಬಿಡುವು ಮಾಡಿಕೊಂಡು ಹೆಣ್ಣುಮಕ್ಕಳ ಆಟದ ಸಂಘಟನೆಗಾಗಿ ದುಡಿದವರನ್ನು ಬರೀ ಒಂದು ಪದಕದ ಲೆಕ್ಕದಲ್ಲಿ ಹೇಗೆ ಅಳೆಯೋಣ, ಹೇಳಿ?

ಆದರೂ ನಿಮ್ಮ ಭಯ ಸುಳ್ಳಲ್ಲ. ಬಾಗಿಲು ಅಗಲ ಮಾಡಿದರೆ ಕುರ್ಚಿ ಹಿಡಿದು ಕೂತವರೂ ನುಗ್ಗುತ್ತಾರೆ. ಕೆನಡಾದವರು ಪದಾಧಿಕಾರಿಗಳ ಸೇವೆಗೆ 'ಎಕ್ಸಿಕ್ಯುಟಿವ್ ಆನರ್ ರೋಲ್' ಎಂಬ ಬೇರೆಯದೇ ವಿಭಾಗ ಇಟ್ಟಿದ್ದಾರೆ. ಆಟಗಾರ, ಬಿಲ್ಡರ್, ಎರಡೂ ಆಗಿದ್ದವರು, ತಂಡ ಅಂತ ಉಳಿದವನ್ನೂ ವಿಂಗಡಿಸಿದ್ದಾರೆ. ಯಾರನ್ನು ಯಾತಕ್ಕಾಗಿ ಗೌರವಿಸಿದರೆಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟಾಗ ಆಡಿದವರ ಗೌರವಕ್ಕೆ ಕುಂದು ಬರುವುದಿಲ್ಲ ಅಂತ ನನ್ನ ನಂಬಿಕೆ.

ಕಲ್ಲಿನ ತೂಕ ಕೇಳಿದ್ದಿರಿ: ಸುಮಾರು 19 ಕಿಲೊ. ಒಲಿಂಪಿಕ್ಸ್‌ಗೆ ಬಳಸುವ ಕಲ್ಲುಗಳು ಸ್ಕಾಟ್ಲೆಂಡಿನ ಕರಾವಳಿಯಾಚೆ ಇರುವ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟಿನವು.

ಪತ್ರದ ಕೊನೆಯಲ್ಲಿ, ತಾಲ್ಲೂಕು ಪಂದ್ಯದ ದಿನ ಬೆಳಗಿನ ಐದಕ್ಕೇ ಎದ್ದು, ಹುರಿ ಹಿಡಿದು, ಸುಣ್ಣದ ಪುಡಿಯಲ್ಲಿ ಖೊಖೊ ಅಂಕಣ ಎಳೆಯುತ್ತಿದ್ದುದನ್ನು ಒಂದೇ ಸಾಲಿನಲ್ಲಿ ಹೇಳಿ ಬಿಟ್ಟಿದ್ದೀರಿ. ಮಳೆ ಬಂದ ಮಾರನೇ ದಿನ ಏನು ಮಾಡುತ್ತಿದ್ದಿರಿ, ಹುರಿಯ ಆ ತುದಿ ಹಿಡಿಯುತ್ತಿದ್ದ ಹುಡುಗರು ಯಾರು, ಎಲ್ಲ ವಿವರವಾಗಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ.

— ಸಂಪಾದಕ